ಕೊನೆಯ ರೀಲು ತಂದವರು

ಇದನ್ನು ಓದಿದವರಲ್ಲಿ ಕೆಲವರು, "ಜ್ವರ ಬಂದಿದ್ದು ಗಂಡನಿಗೋ ನಿಮಗೋ?" ಎಂದು ಕೇಳುತ್ತಾರೆ ಅಂತ ನನಗೆ ಗೊತ್ತು. ಕೇಳಲಿ. ಆ ರಾತ್ರಿ ನಾನು ಎಚ್ಚರವಾಗಿದ್ದೆ. ಎರಡು ಗಂಟೆಗೊಮ್ಮೆ ಜ್ವರ ನೋಡಿ ಬರೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹತ್ತಕ್ಕೆ ನೂರಾಮೂರೂವರೆ, ಹನ್ನೆರಡಕ್ಕೆ ನೂರಾನಾಲ್ಕು... ಒಂದು ಅಕ್ಷರವೂ ಸೊಟ್ಟಗಾಗಿಲ್ಲ. ನಿದ್ದೆಗಣ್ಣಿನ ಬರಹ ಹಾಗಿರುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾವು ಗುಜರಾತಿನ ವಡೋದರಾದ ಗೋರ್ವಾ ಬಡಾವಣೆಯಲ್ಲಿ ಮನೆ ಮಾಡಿ ಆಗ ಹನ್ನೊಂದು ವರ್ಷ. ನಮ್ಮನೆಯವರು, ಚಂದ್ರಶೇಖರ್, ಅಲ್ಲೇ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್. ಭಾನುವಾರವಾದರೆ ನಾಲ್ಕೈದು ಕನ್ನಡದ ಮನೆಯವರು ಒಂದು ಕಡೆ ಸೇರಿ, ಊರಿಗೆ ಹೋಗಿ ಬಂದವರು ತಂದ ಕ್ಯಾಸೆಟ್ ಹಾಕಿಕೊಂಡು ಹಳೆಯ ಸಿನಿಮಾ ನೋಡುವುದು ರೂಢಿ. ಸಿನಿಮಾ ಎರಡೂವರೆ ಗಂಟೆ, ಆಮೇಲಿನ ವಾದ ಮೂರು ಗಂಟೆ. ಅಡುಗೆಮನೆಯಲ್ಲಿ ಅವಲಕ್ಕಿ ಕಲಸುತ್ತಲೇ ನಾನೂ ಕೂಗಿ ಉತ್ತರ ಕೊಡುತ್ತಿದ್ದೆ.

ನಟರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರವರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ನನಗೆ, ಅಳುವಾಗಲೂ ದನಿ ಎತ್ತದ ಒಬ್ಬ ನಾಯಕ ಇಷ್ಟ. ನಮ್ಮನೆಯವರಿಗೆ ಮೀಸೆ ತಿರುವುತ್ತಾ ಮೆಟ್ಟಿಲಿಳಿಯುವ ಇನ್ನೊಬ್ಬರು.

"ನಿನ್ ಹೀರೋಗೆ ಯಾವಾಗ್ಲೂ ಶೀತ ಕಣೇ, ಅದಕ್ಕೇ ಗಂಟಲು ಏಳಲ್ಲ."

"ನಿಮ್ಮವರು ಬಾಗಿಲು ತೆಗೆಯೋಕ್ಕೂ ಡೈಲಾಗ್ ಹೇಳ್ತಾರಲ್ಲ, ಅದು ಸರಿನಾ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವು ಮನಸಾರೆ ಜಗಳವಾಡಿದ್ದು ಇದೊಂದಕ್ಕೇ.

ಒಂದು ಸಿನಿಮಾ ಬಂದಾಗ ಮಾತ್ರ ಅವರು ವಾದಕ್ಕೆ ಬರುತ್ತಿರಲಿಲ್ಲ. ನನ್ನ ನಾಯಕನ ಕಪ್ಪುಬಿಳುಪು ಸಿನಿಮಾ. ಕೊನೆಯಲ್ಲಿ ನಾಯಕಿಗೆ ಬೇರೆ ಗಂಡಿನ ಜೊತೆ ಮದುವೆ. ಹಸೆಮಣೆಯ ಮೇಲೆ ಕೂತಿದ್ದಾಳೆ. ನಾಯಕ ಎತ್ತಿನ ಗಾಡಿ ಓಡಿಸಿಕೊಂಡು ಬರುತ್ತಿದ್ದಾನೆ. ಅಷ್ಟಕ್ಕೆ ಇವರು ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು. "ಮುಂದಿಂದು ನೋಡಲ್ವೇನ್ರೀ?" ಎಂದು ಯಾರಾದರೂ ಕೇಳಿದರೆ, "ಮುಂದೆ ಏನಿಲ್ಲ. ಅವನು ಬರ್ತಾನೇ ಇರ್ತಾನೆ. ಅಷ್ಟೇ ಸಿನಿಮಾ" ಎನ್ನುವರು. ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಮಂಡ್ಯದ ಕಡೆ ಅವರ ಊರಲ್ಲಿ ಒಂದು ಟೆಂಟ್ ಸಿನಿಮಾ ಇತ್ತು. ಪಕ್ಕದೂರಲ್ಲಿ ಇನ್ನೊಂದು. ಎರಡಕ್ಕೂ ಸೇರಿ ಒಂದೇ ಪ್ರಿಂಟು. ಅಲ್ಲಿ ಒಂದು ರೀಲು ಮುಗಿದ ಕೂಡಲೇ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿ ನಾಲೆಯ ಏರಿ ಮೇಲೆ ಇಲ್ಲಿಗೆ ತರಬೇಕು. ಆ ಕೆಲಸ ಇವರ ಅಣ್ಣ ಗಂಗಣ್ಣನದು. ಒಂದು ರಾತ್ರಿ ಇದೇ ಸಿನಿಮಾದ ಕೊನೆಯ ರೀಲು ಬರಲೇ ಇಲ್ಲ. ಒಂಬತ್ತು ವರ್ಷದ ಇವರು ಮರಳಿನ ಮೇಲೆ ಕೂತು ಕಾದರು. ಜನ ಸಿಳ್ಳೆ ಹಾಕಿದರು, ಬೈದರು, ಎದ್ದು ಹೋದರು. ಬೆಳಿಗ್ಗೆ ನಾಲೆಯಲ್ಲಿ ಸೈಕಲ್ಲೂ ಸಿಕ್ಕಿತು, ಅಣ್ಣನೂ ಸಿಕ್ಕಿದ.

ಆ ಭಾವನನ್ನು ನಾನು ಫೋಟೋದಲ್ಲಿ ಬಿಟ್ಟರೆ ನೋಡಿದವಳಲ್ಲ. ದನಿ ಹೇಗಿತ್ತೋ ಗೊತ್ತಿರಲಿಲ್ಲ... ಆ ರಾತ್ರಿಯವರೆಗೆ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ನಮ್ಮನೆಯವರಿಗೆ ಮಲೇರಿಯಾ ಬಂದು ಮೆದುಳಿಗೇರಿತು. ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಎರಡು ದಿನ ಕಣ್ಣೇ ಬಿಡಲಿಲ್ಲ. ಕರೆದರೆ ಹೂಂ ಇಲ್ಲ, ಚಿವುಟಿದರೆ ಅಲುಗಾಟ ಇಲ್ಲ. ಮೂರನೆಯ ಸಂಜೆ ಡಾಕ್ಟರು ನನ್ನನ್ನು ಹೊರಗೆ ಕರೆದರು. ಅಲ್ಲಿ ಹೆಂಗಸರೆಲ್ಲ ಬೆನ್, ಗಂಡಸರೆಲ್ಲ ಭಾಯಿ.

"ಇವತ್ತಿನ ರಾತ್ರಿ ದಾಟಬೇಕು ಬೆನ್. ಮಾತಾಡಿಸ್ತಾ ಇರಿ, ಅವರ ಭಾಷೆಯಲ್ಲೇ. ಕೇಳಿಸ್ತಾ ಇರಬಹುದು. ಏನಾದರೂ ಅವರಿಗೆ ಇಷ್ಟವಾದ ವಿಷಯ..."

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದೆ. ಹದಿಮೂರರ ಹುಡುಗಿ. ಬಾಗಿಲಲ್ಲಿ ನಿಂತು, "ಪಪ್ಪಾ ನಾಳೆ ಬರ್ತಾರಲ್ಲ ಮಮ್ಮಿ?" ಎಂದಳು. ಹೂಂ ಎಂದೆ.

ಕೋಣೆಯಲ್ಲಿ ಮೂರು ಮಂಚ. ಬಾಗಿಲ ಕಡೆ ನಮ್ಮದು. ನಡುವಿನದು ಖಾಲಿ, ಸುತ್ತ ಹಸಿರು ಪರದೆ ಎಳೆದಿತ್ತು. ಕಿಟಕಿ ಕಡೆ ಕಾಂತಿಭಾಯಿ, ಹರ್ನಿಯಾ ಆಪರೇಷನ್ ಆಗಿ ಮರುದಿನ ಹತ್ತಕ್ಕೆ ಮನೆಗೆ ಹೊರಟವರು. ಅವರ ಹೆಂಡತಿ ರಮೀಲಾಬೆನ್ ಮೂರು ದಿನದಿಂದ ನನಗೂ ಸೇರಿಸಿ ಖಿಚಡಿ ತರುತ್ತಿದ್ದಳು. ತಿನ್ನದಿದ್ದರೆ ಬೈದು ತಿನ್ನಿಸುತ್ತಿದ್ದಳು.

ನಾನು ಗಂಡನ ಕಿವಿಯ ಹತ್ತಿರ ಸಿನಿಮಾ ಮಾತು ಆರಂಭಿಸಿದ್ದು ಕೇಳಿ ಕಾಂತಿಭಾಯಿಗೆ ಕುತೂಹಲ. ಹಿಂದಿಯಲ್ಲಿ ಕೇಳಿ ತಿಳಿದುಕೊಂಡು, "ಹೀರೋಗಳನ್ನ ಬಿಡಿ ಬೆನ್" ಎಂದರು. "ಹಳೇ ಸಿನಿಮಾದಲ್ಲಿ ನೋಡಬೇಕಾದ್ದು ವಿಲನ್‌ಗಳನ್ನ. ಏನು ಸೂಟು, ಏನು ಬೂಟು! ಕೊಲೆ ಮಾಡೋಕ್ಕೂ ಇಸ್ತ್ರಿ ಹಾಕಿಸ್ಕೊಂಡು ಬರ್ತಿದ್ರು."

"ಸುಳ್ಳು ಶಾರದಾಬೆನ್. ಇವರು ನೋಡೋದು ವಿಲನ್‌ನ ಅಲ್ಲ, ಅವನ ಪಕ್ಕ ಕೂತು ಸಿಗರೇಟು ಸೇದುತ್ತಾಳಲ್ಲ, ಅವಳನ್ನ" ಎಂದಳು ರಮೀಲಾಬೆನ್.

"ನಗಿಸಬೇಡ್ವೇ, ಹೊಲಿಗೆ ಬಿಚ್ಚುತ್ತೆ..." ಹೊಟ್ಟೆ ಹಿಡಿದುಕೊಂಡು ನಕ್ಕರು ಕಾಂತಿಭಾಯಿ. ಮೂರು ದಿನದಲ್ಲಿ ನಾನು ನಕ್ಕಿದ್ದೂ ಆಗಲೇ.

ಹನ್ನೊಂದಕ್ಕೆ ದೀಪ ಆರಿಸಿದರು. ಕಾರಿಡಾರಿನ ಟ್ಯೂಬ್‌ಲೈಟಿನ ಬೆಳಕು ಬಾಗಿಲ ಸಂದಿಯಿಂದ ನಮ್ಮ ಮಂಚದ ಅರ್ಧಕ್ಕೆ ಬೀಳುತ್ತಿತ್ತು. ರಮೀಲಾಬೆನ್ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಹನ್ನೆರಡಕ್ಕೆ ನೂರಾನಾಲ್ಕು. ಬರೆದೆ. ಒದ್ದೆ ಬಟ್ಟೆ ಬದಲಿಸಿದೆ. ಮಾತಾಡಿದೆ... ಆಡಿಯೇ ಆಡಿದೆ. ಸಿಟ್ಟಿಗಾದರೂ ಏಳಲಿ ಎಂದು ಅವರ ನಾಯಕನನ್ನು ಬಾಯಿಗೆ ಬಂದಂತೆ ಬೈದೆ.

"ನಿಮ್ಮವರ ಮೀಸೆ ಅಂಟಿಸಿದ್ದು ರೀ. ನಡಿಗೆಯೋ, ಚಪ್ಪಲಿ ಕಚ್ಚಿದೋರ ಥರ..."

ಬೆರಳು ಅಲುಗಲಿಲ್ಲ.

"ಹಂಗನ್ಬ್ಯಾಡ ಕಣಮ್ಮ. ಆ ನಡಿಗೆ ಇನ್ಯಾರಿಗಿತ್ತು?"

ಅಪ್ಪಟ ಕನ್ನಡ, ಮಂಡ್ಯದ ಕಡೆಯದು. ನಡುವಿನ ಪರದೆಯ ಒಳಗಿಂದ! ನನಗೆ ಹೆದರಿಕೆಯಾಗಲಿಲ್ಲ, ನಿಜವಾಗಿ ಹೇಳುತ್ತೇನೆ. ಜೀವ ಬಂದಂತಾಯಿತು. ನಾನು ನೀರು ತರಲು ಹೋದಾಗ ಯಾರೋ ಸೇರಿರಬೇಕು, ಅವರ ಕಡೆಯವರು ಕನ್ನಡದವರಿರಬೇಕು ಎಂದುಕೊಂಡೆ.

"ನೀವೂ ಅವರ ಕಡೆಯೋರಾ?" ಎಂದೆ ಪಿಸುದನಿಯಲ್ಲಿ.

"ನಂಗೆ ಇಬ್ರೂ ಸರಿ. ನಿಮ್ಮೋರೂ ಚಂದವೇ. ಆದ್ರೂ ಒಂದು... ಎಡಗೈಲೇ ತಾಳಿ ಕಟ್ಬಾರ್ದಿತ್ತು."

"ಎಡಗೈಲಾ? ಅವರು ಎಡಚರಲ್ಲ."

"ಎಡಚನೇ ಕಣಮ್ಮ. ಎಷ್ಟು ಸಲ ನೋಡಿವ್ನಿ. ಕತ್ತಿ ಹಿಡಿಯೋದೂ ಎಡಗೈಲೇ, ಊಟ ಮಾಡೋದೂ ಎಡಗೈಲೇ. ಬೇರೆಯೋರೂ ಅಷ್ಟೇ. ಸಿನ್ಮಾದೋರೆಲ್ಲ ಎಡಚರೇ."

ನಗು ಬಂತು. ಅರ್ಧಕ್ಕೇ ನಿಂತಿತು.

ಟೆಂಟಿನ ಪರದೆಯ ಹಿಂದೆ ನಿಂತು ನೋಡಿದರೆ ಎಲ್ಲವೂ ಅದಲುಬದಲಾಗಿ ಕಾಣುತ್ತದೆ. ಬಲ ಎಡವಾಗುತ್ತದೆ. ಮುಂದಿನ ರೀಲು ತರುವ ಹೊತ್ತಿಗೆ ಕಾಯುತ್ತಾ ಅಣ್ಣ ಯಾವಾಗಲೂ ಪರದೆಯ ಹಿಂದೆಯೇ ನಿಂತು ನೋಡುತ್ತಿದ್ದ, ಸಿನಿಮಾದವರೆಲ್ಲ ಎಡಗೈಯವರು ಅಂತ ಸಾಯುವವರೆಗೂ ನಂಬಿದ್ದ... ಎಂದು ನಮ್ಮನೆಯವರು ಒಂದೇ ಒಂದು ಸಲ ಹೇಳಿದ್ದರು.

ಆಗ ವಾಸನೆ ಬಂತು. ಫಿನಾಯಿಲ್ ವಾಸನೆಯನ್ನು ತಳ್ಳಿಕೊಂಡು... ಒದ್ದೆ ಗೋಣಿಚೀಲ, ನಾಲೆಯ ಕೆಸರು, ಅದರ ಜೊತೆ ಫಿಲ್ಮು ಸುಟ್ಟಂಥ ಕಮಟು. ಪರದೆಯ ಒಳಗೆ ಟಿಕ್... ಟಿಕ್... ಟಿಕ್... ಪೆಡಲ್ ತುಳಿಯದೆ ಸೈಕಲ್ ತಳ್ಳಿಕೊಂಡು ಬಂದರೆ ಹಿಂದಿನ ಚಕ್ರ ಮಾಡುವ ಸದ್ದು.

"ಕೊನೇ ರೀಲು ತಂದಿವ್ನಿ ಕಣಮ್ಮ" ಎಂದಿತು ದನಿ. "ಪಾಪ, ನಮ್ ಚಂದ್ರು ಅವತ್ತಿಂದ ಕಾಯ್ತಾ ಕುಂತವ್ನೆ. ಕಳ್ಸಿಕೊಡು."

ಎರಡು ದಿನ ನನಗೆ ಅಲುಗದ ನಮ್ಮನೆಯವರ ಕೈ ಎದ್ದಿತು. ನಿಧಾನವಾಗಿ, ಪರದೆಯ ಕಡೆಗೆ. ಹೊದಿಕೆಯೊಳಗೆ ಕಾಲುಗಳು ಮಂಚದಿಂದ ಇಳಿಯಲು ಜಾಗ ಹುಡುಕುವಂತೆ ಸರಿದವು. ಮೈ ಸುಡುತ್ತಿತ್ತು. ಪಾದ ಮಾತ್ರ ನೀರಲ್ಲಿ ನೆನೆದ ಹಾಗೆ ತಣ್ಣಗೆ...

ನಾನು ಆ ಎರಡು ಪಾದಗಳನ್ನು ಎದೆಗವಚಿಕೊಂಡೆ. ನನಗೆ ಒಂದು ತಿಳಿದಿತ್ತು: ಸಿನಿಮಾ ಹುಚ್ಚಿನವರು ವಾದವನ್ನು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ.

"ಅದೇನು ಮಹಾ ಸಿನಿಮಾ ಭಾವ?" ಎಂದೆ. "ಆ ಹೀರೋಗೆ ಅಳೋದು ಬಿಟ್ಟು ಏನು ಬರುತ್ತೆ?"

ಇಪ್ಪತ್ತು ವರ್ಷ ಮೆಚ್ಚಿಕೊಂಡಿದ್ದವನನ್ನು ಬೈದೆ.

"ಅಯ್ಯೋ, ಹಂಗನ್ತಾರಾ! ಆ ಗಾಡಿ ಸೀನು ನೋಡಿದಿಯಾ ನೀನು?"

"ನೋಡಿದೀನಿ. ಎತ್ತುಗಳೇ ಅವರಿಗಿಂತ ಚೆನ್ನಾಗಿ ಮಾಡಿದಾವೆ."

ಪರದೆಯ ಒಳಗೆ ನಗು. ಒದ್ದೆ ಗಂಟಲಿನ ನಗು. ಟಿಕ್ ಟಿಕ್ ನಿಂತಿತು. ವಾದ ಶುರುವಾಯಿತು. ಹಾಸ್ಯದವರಲ್ಲಿ ಯಾರು ಮೇಲು, ಅತ್ತೆಯ ಪಾತ್ರಕ್ಕೆ ಯಾರು, ಸಾಯುವ ದೃಶ್ಯದಲ್ಲಿ ಯಾರು ಚೆನ್ನಾಗಿ ಸಾಯುತ್ತಾರೆ... ಅವರು ಹೌದೆಂದದ್ದಕ್ಕೆಲ್ಲ ನಾನು ಅಲ್ಲ ಎಂದೆ. ನಡುವೆ ಎರಡು ಗಂಟೆಯಾಯಿತು. ಜ್ವರ ನೋಡಿದೆ, ನೂರಾನಾಲ್ಕೂವರೆ. ಅದನ್ನೂ ಬರೆದೆ. ಮಾತು ನಿಂತರೆ ಸಾಕು, ಎದೆಗವಚಿದ ಪಾದಗಳು ಕೊಸರುತ್ತಿದ್ದವು.

ಆದರೆ ನಾನು ನೋಡಿದ ಸಿನಿಮಾಗಳಾದರೂ ಎಷ್ಟು? ಮೂರೂಕಾಲರ ಹೊತ್ತಿಗೆ ನನ್ನ ಹತ್ತಿರ ಮಾತು ಉಳಿಯಲಿಲ್ಲ. ನಾಲಿಗೆ ಒಣಗಿತ್ತು. ಹೇಳಿದ್ದನ್ನೇ ಹೇಳತೊಡಗಿದೆ.

"ಹೊತ್ತಾಯ್ತು ಕಣಮ್ಮ" ಎಂದಿತು ದನಿ. ಸಿಟ್ಟಿಲ್ಲ, ಬೆದರಿಕೆಯಿಲ್ಲ. ಅಕ್ಕರೆಯೇ. ಅದಕ್ಕೇ ಇನ್ನೂ ಭಯವಾಯಿತು. "ರೀಲು ತಂದ್ಮೇಲೆ ಖಾಲಿ ಟೆಂಟಿಗೆ ಓಡ್ಸಕಾಯ್ತದಾ? ನೋಡೋಕೆ ಒಬ್ರಾದ್ರೂ ಬೇಕಲ್ವಾ..."

ಪರದೆ ನಮ್ಮ ಕಡೆಗೆ ಉಬ್ಬಿತು. ನಮ್ಮನೆಯವರ ಉಸಿರು ಒಂದು ಸಲ ಎಳೆದು... ನಿಂತಿತು. ನಾನು ಕಾದೆ. ಮತ್ತೆ ಬರಲಿಲ್ಲ.

"ಬೇರೆ ಯಾರನ್ನಾದ್ರೂ ಕರ್ಕೊಂಡ್ ಹೋಗಿ ಭಾವ" ಎಂದೆ. "ನಿಮ್ಮ ಕಾಲಿಗೆ ಬೀಳ್ತೀನಿ. ಯಾರನ್ನಾದ್ರೂ. ಇವರೊಬ್ಬರನ್ನ ಬಿಟ್ಬಿಡಿ."

ಆಮೇಲೆ ಟಿಕ್... ಟಿಕ್... ಟಿಕ್... ಸದ್ದು ನಮ್ಮಿಂದ ದೂರ ಸರಿಯಿತು. ಬಾಗಿಲು ನಮ್ಮ ಕಡೆಗಿತ್ತು. ಸದ್ದು ಬಾಗಿಲ ಕಡೆ ಬರಲಿಲ್ಲ. ಕಿಟಕಿಯ ಕಡೆ ಹೋಯಿತು.

ಆ ಕ್ಷಣದಲ್ಲೇ ನನಗೆ ತಿಳಿದಿತ್ತು. ಎದ್ದು ದೀಪ ಹಾಕಬಹುದಿತ್ತು. ರಮೀಲಾಬೆನ್ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ಆಗಲೇ ನಮ್ಮನೆಯವರ ಉಸಿರು ಮತ್ತೆ ಆಡತೊಡಗಿತ್ತು... ಪಾದ ಬೆಚ್ಚಗಾಗುತ್ತಿತ್ತು. ನಾನು ಕೂಗಲಿಲ್ಲ.

ನಾಲ್ಕಕ್ಕೆ ನೂರಾಒಂದು. ಐದೂವರೆಗೆ ಅವರ ಬನಿಯನ್ ಬೆವರಿನಲ್ಲಿ ತೊಯ್ದು ಹೋಗಿತ್ತು. ಕಣ್ಣು ಬಿಟ್ಟು, "ನೀರು ಕೊಡೇ" ಎಂದರು. ನಾನು ಲೋಟಕ್ಕೆ ಕೈ ಚಾಚಿದೆ. ಅದೇ ಹೊತ್ತಿಗೆ ಕಿಟಕಿಯ ಕಡೆಯಿಂದ ರಮೀಲಾಬೆನ್ ಕಿರುಚಿದಳು.

ಹೃದಯ ನಿಂತಿದೆ, ನಿದ್ದೆಯಲ್ಲೇ ಆಗಿರಬೇಕು ಎಂದರು ಡಾಕ್ಟರು. ನಡುವಿನ ಮಂಚದ ಪರದೆಯನ್ನು ಆಯಾ ಸರ್ರನೆ ಸರಿಸಿ ಸ್ಟ್ರೆಚರಿಗೆ ದಾರಿ ಮಾಡಿದಳು. ಮಡಿಸಿಟ್ಟ ಹಾಸಿಗೆ. ನೆಲ ಒಣಗಿತ್ತು. ಆ ರಾತ್ರಿ ಹೊಸದಾಗಿ ಯಾರನ್ನೂ ಸೇರಿಸಿಕೊಂಡಿರಲಿಲ್ಲ, ನಾನೇ ರಿಜಿಸ್ಟರ್ ತೋರಿಸಿ ಎಂದು ಕೇಳಿ ನೋಡಿದೆ.

ಕಾರಿಡಾರಿನ ಬೆಂಚಿನ ಮೇಲೆ ರಮೀಲಾಬೆನ್ ನನ್ನ ಎರಡೂ ಕೈ ಹಿಡಿದುಕೊಂಡಳು.

"ಮೂರೂವರೆ ಇರಬೇಕು ಶಾರದಾಬೆನ್... ಎದ್ದು ಕೂತಿದ್ರು. ಬಾಚಣಿಗೆ ತಗೊಂಡು ತಲೆ ಬಾಚ್ತಾ ಇದ್ರು. ಎಲ್ಲಿಗೆ ಅಂದೆ. ಯಾರೋ ಸಿನಿಮಾಗೆ ಕರೀತಿದಾರೆ, ಒಬ್ಬರೇ ಅಂತೆ ಪಾಪ, ಹೋಗಿ ಬರ್ತೀನಿ ಅಂದ್ರು. ಕನಸು, ಮಲಕ್ಕೊಳ್ಳಿ ಅಂದು ನಾನೂ ಮಲಗಿಬಿಟ್ಟೆ... ನೀವು ಎದ್ದಿದ್ರಲ್ಲ. ರಾತ್ರಿಯೆಲ್ಲ ನಿಮ್ಮ ಮಾತು ಕೇಳ್ತಿತ್ತು. ಯಾರಾದ್ರೂ ಬಂದಿದ್ರಾ?"

"ಯಾರೂ ಬಂದಿರಲಿಲ್ಲ" ಎಂದೆ.

ನಮ್ಮನೆಯವರು ಹನ್ನೆರಡು ದಿನಕ್ಕೆ ಮನೆಗೆ ಬಂದರು. ಆ ರಾತ್ರಿಯದು ಅವರಿಗೆ ಏನೂ ನೆನಪಿಲ್ಲ. ಇಂದಿಗೂ ಭಾನುವಾರ ಸಿನಿಮಾ ನೋಡುತ್ತಾರೆ, ನನ್ನನ್ನು ಕೆಣಕುತ್ತಾರೆ. ನಾನು ಸುಮ್ಮನೆ ಒಪ್ಪಿಬಿಡುತ್ತೇನೆ. "ನಿಂಗೇನಾಯ್ತೇ, ಜಗಳಾನೇ ಆಡಲ್ಲ" ಎನ್ನುತ್ತಾರೆ.

ರಮೀಲಾಬೆನ್ ನಮ್ಮನ್ನು ಮರೆತಿಲ್ಲ. ಪ್ರತಿ ದೀಪಾವಳಿಗೆ ಫೋನ್ ಮಾಡುತ್ತಾಳೆ. ಮಗಳ ವಿಷಯ, ಮಂಡಿನೋವು, ಎಲ್ಲ ಆದ ಮೇಲೆ ಇಡುವ ಮುಂಚೆ ತಪ್ಪದೆ ಕೇಳುತ್ತಾಳೆ: "ಭಾಯಿ ಹೇಗಿದ್ದಾರೆ ಶಾರದಾಬೆನ್? ಚೆನ್ನಾಗಿದ್ದಾರಲ್ಲ?"

ಒಳಗಿನ ಕೋಣೆಯಿಂದ ಅವರ ನಗು ನನಗೆ ಕೇಳಿಸುತ್ತಿರುತ್ತದೆ. ಬಹುಶಃ ಫೋನಿನಲ್ಲಿ ಅವಳಿಗೂ ಕೇಳಿಸುತ್ತದೆ. ಹೌದು ಎನ್ನುವ ಒಂದೇ ಒಂದು ಮಾತಿಗೆ... ಪ್ರತಿ ವರ್ಷವೂ ನನ್ನ ಬಾಯಿ ಒಣಗುತ್ತದೆ.