ವಿಮಾನದ ಮೂಗಿನ ಮೇಲೊಂದು ಅಕ್ಷತೆ

ನಾನು ಒಂದು ವಿಮಾನ ಕೆಡಿಸಿದವಳು. ಮೊದಲೇ ಒಪ್ಪಿಕೊಂಡುಬಿಟ್ಟರೆ ಮನಸ್ಸು ಹಗುರ. ಕೆಡಿಸಿದ್ದು ಬಾಂಬು ಹಾಕಿ ಅಲ್ಲ, ಅಕ್ಷತೆ ಹಾಕಿ. ವಿಮಾನವೂ ಅಂಥ ದೊಡ್ಡದಲ್ಲ, ನನ್ನ ಗೇಣಿಗಿಂತ ಚೂರು ಚಿಕ್ಕದು, ಪ್ಲಾಸ್ಟಿಕ್ಕಿನದು. ಆದರೆ ಅದರ ಮುಂದೆ ನಿಂತಾಗ ನನಗೆ ಆಗುತ್ತಿದ್ದ ಬೆರಗು ಮಾತ್ರ ಗೇಣಿಗೆ ಸಿಕ್ಕುವಂಥದ್ದಲ್ಲ.

ಅದನ್ನು ಕಟ್ಟಿದವರು ನಮ್ಮ ಮಾವ. ಕರಾವಳಿಯ ಅವರ್ಸಾದಲ್ಲಿ ಮೀನುಗಾರ ಹರಿಕಂತ್ರರ ಮನೆಯಲ್ಲಿ ಹುಟ್ಟಿ, ದೋಣಿ ಬಿಟ್ಟು ನೌಕಾಪಡೆ ಸೇರಿ, ಹಡಗಿನ ಮೇಲಿಂದ ಹಾರುವ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇಲ್ಲದೆ ಅಂಗಳ ದಾಟಿದವರಲ್ಲ. ಒಂದು ಚೌತಿಗೆ ನಾದಿನಿ ಮುಂಬಯಿಯಿಂದ ಬರುವಾಗ ಒಂದು ಡಬ್ಬ ತಂದಳು. ಬಿಡಿ ಭಾಗಗಳನ್ನು ಅಂಟಿಸಿ ಕಟ್ಟುವ ವಿಮಾನ. ಮಾವ ಹಡಗಿನಲ್ಲಿ ದಿನವೂ ಕೈಯಾಡಿಸುತ್ತಿದ್ದ ವಿಮಾನದ್ದೇ ನಮೂನೆ.

ಅಂಟಿಸಿದರೆ ಎರಡು ದಿನದ ಕೆಲಸವೆಂದು ನಾನು ತಿಳಿದಿದ್ದೆ. ಮಾವ ಡಬ್ಬ ಬಿಚ್ಚಿ, ಕನ್ನಡಕ ಏರಿಸಿ, ತುಂಡುಗಳನ್ನೆಲ್ಲ ತಿರುಗಿಸಿ ನೋಡಿ, "ಒಳಗೆಲ್ಲ ಖಾಲಿ ಬಿಟ್ಟಿದ್ರಲಾ" ಎಂದರು. ಖಾಲಿ ಮಡಕೆಯನ್ನು ಮದುವೆಗೆ ಉಡುಗೊರೆ ಕೊಟ್ಟರೆ ಹೇಗೋ ಹಾಗೆ ಮುಖ ಮಾಡಿಕೊಂಡು. ಪೈಲಟ್ ಕೂರುವಲ್ಲಿ ಒಂದು ಬೋಳು ಹಲಗೆ, ಗಾಲಿ ಮಡಚುವ ಗೂಡಿನಲ್ಲಿ ಒಂದು ಪೈಪೂ ಇಲ್ಲ, ರೆಕ್ಕೆ ಚಾಚಿಕೊಂಡೇ ಇದೆ. ಹಡಗಿನಲ್ಲಿ ಜಾಗ ಎಲ್ಲಿಂದ ಬರಬೇಕು? ಅಲ್ಲಿ ಇಳಿದ ವಿಮಾನ ಕೊಕ್ಕರೆಯ ಹಾಗೆ ರೆಕ್ಕೆ ಮಡಚಿ ನಿಲ್ಲಬೇಕಂತೆ. ಮರುದಿನ ಮಾವ ಗರಗಸದ ಬ್ಲೇಡು ಹಿಡಿದು ಹೊಚ್ಚಹೊಸ ರೆಕ್ಕೆಯನ್ನು ನಡುವೆ ಕೊಯ್ದರು. ನಾನು ಕಣ್ಣು ಮುಚ್ಚಿ ದೇವಿಯನ್ನು ನೆನೆದೆ. ತೆರೆದಾಗ ರೆಕ್ಕೆ ಎರಡಾಗಿತ್ತು, ಮಾವನ ಮುಖ ನಗುತ್ತಿತ್ತು.

ಆಮೇಲೆ ನನ್ನ ಮನೆಯ ಕಸವೆಲ್ಲ ವಿಮಾನವಾಗತೊಡಗಿತು. ನನ್ನ ಬಿಪಿ ಮಾತ್ರೆಯ ಬೆಳ್ಳಿಹಾಳೆ ಸಪೂರ ಪಟ್ಟಿಯಾಗಿ ಪೈಲಟ್ಟಿನ ಬೆಲ್ಟಾಯಿತು. ಕೆಟ್ಟ ರೇಡಿಯೋದ ತಾಮ್ರದ ತಂತಿ ಬೆಲ್ಟಿಗೆ ಕೊಂಡಿಯಾಯಿತು. ಪೈಪಿಗೇನು? ಮಾವ ಡಬ್ಬದಲ್ಲೇ ಬಂದ ಪ್ಲಾಸ್ಟಿಕ್ ಕಡ್ಡಿಯನ್ನು ದೀಪಕ್ಕೆ ಹಿಡಿದು, ಮೆತ್ತಗಾದಾಗ ಎರಡೂ ತುದಿ ಹಿಡಿದು ಎಳೆಯುತ್ತಿದ್ದರು. ಅದು ಶ್ಯಾವಿಗೆಗಿಂತ ಸಪೂರವಾಗಿ, ಕೊನೆಗೆ ಕೂದಲಿನಷ್ಟಾಗಿ ಬರುತ್ತಿತ್ತು. ನೋಡುತ್ತ ನಿಂತರೆ ಒಲೆಯ ಮೇಲಿನ ಸಾರು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಒಂದು ದಿನ ಮಾತ್ರ ಅವರು ಕಡ್ಡಿ ಹಿಡಿದದ್ದು ನಂದಾದೀಪಕ್ಕೆ.

"ಮಾವ, ಅದು ದೇವರ ದೀಪ!"

"ದೇವರಿಗೆ ಬೆಂಕಿ ಕಮ್ಮಿ ಆಗ್ತದ್ಯೇನೆ?"

ಕಮ್ಮಿಯಾಗುವುದಿಲ್ಲ ನಿಜ. ಆದರೂ ಬೇರೆ ಹಣತೆ ಹಚ್ಚಿಕೊಟ್ಟೆ.

ನನ್ನ ಯಜಮಾನರು ಕೈಗಾದಲ್ಲಿ ಕೆಲಸಕ್ಕಿರುವವರು. ಪಾಳಿ ಮುಗಿಸಿ ಬಸ್ಸಿಳಿದು ಬಂದರೆ ಊಟದ ಮೇಜಿನ ತುಂಬ ರೆಕ್ಕೆ, ಗಾಲಿ. ಒಂದು ದಿನ ಕೇಳಿಯೇಬಿಟ್ಟರು: "ಅಪ್ಪಾ, ಗಾಲಿ ಗೂಡಿನ ಒಳಗೆಲ್ಲ ಪೈಪ್ ಹಾಕ್ತಿದ್ಯಲಾ, ಅದ್ನ ಮಗುಚಿ ಹಾಕಿ ಯಾರ್ ನೋಡೂಕೆ ಬತ್ರು?"

ಮಾವ ತಲೆ ಎತ್ತದೆ, "ನಾ ನೋಡಿದ್ನಲಾ, ಸಾಕು" ಎಂದರು.

ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ನಮ್ಮೂರ ದೇವಿಯ ಮೂರ್ತಿಯ ಬೆನ್ನಿಗೆ ಒಂದು ಜಡೆ ಕೆತ್ತಿದೆಯಂತೆ, ಜಡೆಗೆ ಹೂವನ್ನೂ ಮುಡಿಸಿದೆಯಂತೆ. ನನಗೆ ಹೇಳಿದ್ದು ಭಟ್ಟರ ಹೆಂಡತಿ. ದೇವಿ ಗೋಡೆಗೆ ಬೆನ್ನು ಕೊಟ್ಟು ನಿಂತಿರುವುದರಿಂದ ಭಕ್ತರು ಯಾರೂ ಕಂಡದ್ದಿಲ್ಲ. ಕೆತ್ತಿದವನಿಗೆ ಗೊತ್ತಿತ್ತು, ದೇವಿಗೆ ಗೊತ್ತಿದೆ. ನಾನು ಕಪಾಟಿನ ಮುಂದಿನ ಸಾಲಿನ ಡಬ್ಬಗಳನ್ನಷ್ಟೇ ಒರೆಸುವವಳು. ಆ ವಾರ ನಾಚಿಕೆಯಾಗಿ ಹಿಂದಿನ ಸಾಲನ್ನೂ ಒರೆಸಿದೆ. ಕಳೆದುಹೋಗಿದ್ದ ಜಾಯಿಕಾಯಿ ಸಿಕ್ಕಿತು. ದೇವಿಯ ಸಣ್ಣ ಕೃಪೆಗಳು ಹೀಗೇ ಬರುತ್ತವೆ.

ನವರಾತ್ರಿ ಹತ್ತಿರವಾದಾಗ ವಾಸ್ಕೋದಿಂದ ಫೋನು ಬಂತು. ಮಾವನ ವಿಮಾನ ಹಾರಿಸುತ್ತಿದ್ದ ಪೈಲಟ್ ಸಾಹೇಬರ ಮಗಳು. ಅಪ್ಪನನ್ನು ಗೋಕರ್ಣಕ್ಕೆ ಕರೆದೊಯ್ಯುತ್ತಿದ್ದೇನೆ, ದಸರೆಯ ದಿನ ದಾರಿಯಲ್ಲಿ ಒಂದು ಗಂಟೆ ನಿಮ್ಮಲ್ಲಿ ನಿಲ್ಲುತ್ತೇವೆ, ಅಪ್ಪನಿಗೆ ಇನ್ನು ಪ್ರಯಾಣ ಆಗುವುದಿಲ್ಲ, ಎಂದಳು. ಮಾವ ಫೋನಿಟ್ಟು ನೇರ ವಿಮಾನದ ಮುಂದೆ ಹೋಗಿ ಕೂತರು. ಹಾರುವ ಮೊದಲು ಸಾಹೇಬರಿಗೆ ಬೆಲ್ಟು ಕಟ್ಟುತ್ತಿದ್ದವರು ಇವರೇ. ಕಟ್ಟಿ, ಎರಡು ಸಲ ಎಳೆದು ನೋಡಿ, ಹೆಲ್ಮೆಟ್ಟಿನ ಮೇಲೆ ತಟ್ಟುವುದು. ಹೋದವರು ಮರಳಿ ಬರುವವರೆಗೆ ಆ ಎರಡು ಎಳೆತವೇ ತನ್ನ ಜಪವಾಗಿತ್ತು ಎಂದು ಮಾವ ಒಮ್ಮೆ ಹೇಳಿದ್ದರು. ಈಗ ಸಾಹೇಬರ ಕೈಗೆ ಅದೇ ವಿಮಾನ ಕೊಡಬೇಕು, ಒಂದು ಕೊಂಡಿಯೂ ಕಮ್ಮಿಯಿಲ್ಲದಂತೆ. ಮಾವನಿಗೆ ಬೇಕಾದದ್ದು ಅಷ್ಟೇ.

ಆಯುಧಪೂಜೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ದೇವರ ಕೋಣೆಗೆ ಹೋದರೆ, ಪೀಠದ ಪಕ್ಕದಲ್ಲಿ ವಿಮಾನ! ಸಮುದ್ರದ ಬೂದುಬಣ್ಣದಲ್ಲಿ ಮಿರಿಮಿರಿ ಮಿಂಚುತ್ತ, ರೆಕ್ಕೆ ಮಡಚಿ ಕೈಮುಗಿದ ಹಾಗೆ ನಿಂತಿದೆ. ನನ್ನ ಕಣ್ಣು ತುಂಬಿತು. ಮಾವ ದೇವರಿಗೆ ಕೈಮುಗಿಯುವುದು ವರ್ಷಕ್ಕೆರಡು ಸಲ. ಅಂಥವರು ತಾವೇ ತಂದಿಟ್ಟಿದ್ದಾರೆ. ಹೊಲಿಗೆ ಮಷೀನು, ಸ್ಕೂಟರ್, ಕತ್ತಿ, ಕುಕ್ಕರ್ ಎಲ್ಲಕ್ಕೂ ಪೂಜೆಯಾದ ಮೇಲೆ ಅದಕ್ಕೂ ಮೂಗಿಗೆ ಗಂಧ, ಕುಂಕುಮ ಇಟ್ಟು, ಭಕ್ತಿ ಹೆಚ್ಚಾಗಿ ಎರಡು ಚಿಟಿಕೆ ಅಕ್ಷತೆಯನ್ನೂ ಹಾಕಿದೆ.

ಮಾವ ಅದನ್ನು ಅಲ್ಲಿಟ್ಟದ್ದು ಭಕ್ತಿಯಿಂದಲ್ಲ. ನಸುಕಿನಲ್ಲಿ ಬಣ್ಣ ಬಳಿದಿದ್ದರು, ಮನೆಯಲ್ಲಿ ಫ್ಯಾನಿಲ್ಲದ, ದೂಳು ಹಾರದ ಕೋಣೆ ಅದೊಂದೇ.

ಬಣ್ಣ ಇನ್ನೂ ಹಸಿ. ಮಾವ ಚಿಮಟದಿಂದ ಕಾಳುಗಳನ್ನು ಒಂದೊಂದೇ ಹೆಕ್ಕಿದರು, ಕುಂಕುಮ ಒರೆಸಿದರು. ಮೂಗಿನ ಮೇಲಿನ ಒಂದು ಕಾಳು ಮಾತ್ರ ಬರಲೊಲ್ಲದು. ಎಳೆದರೆ ಬಣ್ಣವೂ ಕಿತ್ತು ಬರುತ್ತದೆ. ಮತ್ತೆ ಬಳಿದರೆ ನಾಳೆಗೆ ಒಣಗುವುದಿಲ್ಲ.

"ಸುಮಿತ್ರಾ, ಇದು ಎಪ್ಪತ್ತೆರಡು ಪಟ್ಟು ಸಣ್ಣ ಮಾಡಿದ ವಿಮಾನ. ಹಂಗಾರೆ ಈ ಅಕ್ಕಿಕಾಳು ಎಷ್ಟ್ ದೊಡ್ಡದಾಯ್ತು ಹೇಳು? ಕುಂಬಳಕಾಯಷ್ಟು! ಮೂಗಿನ ಮೇಲೆ ಕುಂಬಳಕಾಯಿ ಹೊತ್ಕಂಡು ಯಾವ ವಿಮಾನ ಹಾರ್ತದ್ಯೇ?"

"ಆಯುಧಪೂಜೆಗೆ ಕುಂಬಳಕಾಯಿ ಬೇಕೇ ಬೇಕಲಾ ಅಪ್ಪಾ" ಎಂದರು ಯಜಮಾನರು. ಮಾವ ನಗಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದೂ ಇಲ್ಲ.

ಮರುದಿನ ಸಾಹೇಬರು ಕಾರಿಳಿದರು. ಮಗಳ ಮೊಣಕೈ ಹಿಡಿದು, ಮೆಟ್ಟಿಲನ್ನು ಕಾಲಿನಿಂದ ತಡವುತ್ತ ಬಂದರು. ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಅದನ್ನು ಫೋನಿನಲ್ಲಿ ಹೇಳಬೇಡವೆಂದು ಮಗಳಿಗೆ ಅವರೇ ತಾಕೀತು ಮಾಡಿದ್ದರಂತೆ. ಮಾವ ವಿಮಾನ ಹಿಡಿದುಕೊಂಡೇ ಬಾಗಿಲಲ್ಲಿ ಕಲ್ಲಾಗಿ ನಿಂತರು.

"ಎಂತ ಹರಿಕಂತ್ರ, ಮಾತಿಲ್ಲ? ಕೈಯಲ್ಲಿ ಏನೋ ಉಂಟು ಅಂತ ಮಗಳು ಹೇಳ್ತಾಳೆ, ಕೊಡು ಇಲ್ಲಿ."

ಸಾಹೇಬರ ಬೆರಳುಗಳು ವಿಮಾನದ ಮೇಲೆ ನಡೆಯತೊಡಗಿದವು. ಮಡಚಿದ ರೆಕ್ಕೆಯ ಕೀಲಿಗೆ ಬಂದು ನಿಂತವು. ಮಗುಚಿ ಗಾಲಿಯ ಗೂಡು ಹೊಕ್ಕವು. "ಪೈಪ್ ಕೂಡ ಹಾಕಿದ್ದೀಯಲ್ಲ ಮಾರಾಯ!" ಕಿರುಬೆರಳಿನ ಉಗುರು ಪೈಲಟ್ಟಿನ ಗೂಡಿಗಿಳಿದು ಬೆಲ್ಟನ್ನು ತಾಗಿತು. ಅದರ ಕೊಂಡಿಯನ್ನು ಹುಡುಕಿ ಹಿಡಿಯಿತು. ಯಾರೂ ನೋಡಲು ಬಾರದ ಒಳಗನ್ನೆಲ್ಲ ಕಣ್ಣಿಲ್ಲದವರು ಒಬ್ಬರೇ ನೋಡುತ್ತಿದ್ದರು.

ಆಮೇಲೆ ಬೆರಳು ಮೂಗಿಗೆ ಬಂತು. ನಾನು ಸೆರಗು ಬಾಯಿಗೊತ್ತಿಕೊಂಡೆ.

"ಇದೆಂತ? ಅಕ್ಷತೆಯಾ?"

"ತಪ್ಪಾಯ್ತು ಸಾಹೇಬ್ರೆ, ನಾನೇ ಹಾಕಿದ್ದು" ಎಂದೆ.

ಅವರು ಮನೆ ಅದುರುವಂತೆ ನಕ್ಕರು. "ಆಗೆಲ್ಲ ಆಯುಧಪೂಜೆಯಾದ ಮೇಲೆ, ಅಕ್ಷತೆ ಇಂಜಿನ್ನಿಗೆ ಹೋದೀತು ಅಂತ ಇವ ಒಂದೊಂದು ಕಾಳನ್ನೂ ಹೆಕ್ಕದೆ ನನ್ನನ್ನು ಹತ್ತಲಿಕ್ಕೇ ಬಿಡ್ತಿರಲಿಲ್ಲಮ್ಮ. ಇಷ್ಟು ವರ್ಷಕ್ಕೆ ಒಂದು ಕಾಳು ಇವನ ಕೈ ತಪ್ಪಿಸಿಕೊಂಡಿತಲ್ಲ! ಇದನ್ನು ನಾನೇ ಇಟ್ಟುಕೊಳ್ತೇನೆ."

ಮಾವ ನಕ್ಕರು. ಹಿಂದಿನ ದಿನದ ಬೆಳಗಿನಿಂದ ಮೊದಲ ಸಲ.

ಕಾರು ಹೊರಡುವಾಗ, "ಒಂದ್ ನಿಮಿಷ ಸರ್" ಎಂದು ಮಾವ ಒಳಗೋಡಿ ಅಂಟು ತಂದರು. ಸೂಜಿಯ ಮೊನೆಯಿಂದ ಆ ಅಕ್ಕಿಕಾಳಿನ ಬುಡಕ್ಕೆ ಒಂದು ಹನಿ ಬಿಟ್ಟು, ಊದಿ, ಉಗುರಿನಲ್ಲಿ ಹಿಡಿದು ಎರಡು ಸಲ ಎಳೆದು ನೋಡಿದರು. ಆಮೇಲೆ ಸಾಹೇಬರ ತಲೆಯ ಮೇಲೆ ಮೆಲ್ಲಗೆ ತಟ್ಟಿದರು.

ಅಂದಿನಿಂದ ನಾನು ಏನಕ್ಕೇ ಆಗಲಿ ಅಕ್ಷತೆ ಹಾಕುವ ಮೊದಲು ಬಣ್ಣ ಒಣಗಿದೆಯೇ ಎಂದು ಮುಟ್ಟಿ ನೋಡುತ್ತೇನೆ, ಚೌತಿಯ ಗಣಪನ ಸೊಂಡಿಲನ್ನೂ ಬಿಟ್ಟಿಲ್ಲ. ಒಂದೊಂದು ವರ್ಷ ಚೂರು ಹಸಿಯಿರುತ್ತದೆ. ಇರಲಿ ಎಂದು ಹಾಕಿಬಿಡುತ್ತೇನೆ.