ಅರ್ದಿಯಾ ಮೈದಾನದ ತಿಮ್ಮರಾಯಪ್ಪನ ಅರಬ್ಬಿ

ಚಿಂತಾಮಣಿ ಕಡೆಯ ತಿಮ್ಮರಾಯಪ್ಪ ಯಾರನ್ನೂ ನಂಬುವ ಆಸಾಮಿಯಲ್ಲ. ವಾಲಿಬಾಲ್ ಅಂಕಣಕ್ಕೆ ಮೊಳೆ ಹೊಡೆದು, ಹುರಿ ಕಟ್ಟಿ, ತಳಕ್ಕೆ ತೂತು ಕೊರೆದ ಹಾಲಿನ ಪುಡಿ ಡಬ್ಬದಲ್ಲಿ ಸುಣ್ಣ ತುಂಬಿಕೊಂಡು, ಹಿಂದಿಂದಕ್ಕೆ ನಡೆಯುತ್ತಾ ಗೆರೆ ಎಳೆಯುವುದು ಅವನ ಕಸುಬು. ಎಳೆದಾದ ಮೇಲೆ ತನ್ನ ಕೈಯನ್ನೇ ನಂಬದೆ ಮೂಲೆಯಿಂದ ಮೂಲೆಗೆ ಹುರಿ ಹಿಡಿದು ನೋಡುವನು. ಅಳತೆ ಸರಿಯಿದ್ದರೆ ಹುರಿಯೇ ಹಿಗ್ಗಿರಬೇಕೆಂದು ಇನ್ನೊಂದು ಹುರಿ ತರುವನು.

ಹುಟ್ಟಿದಾಗಿನಿಂದ ಹೀಗಿರಲಿಲ್ಲ. ಊರಲ್ಲಿ ಕಬಡ್ಡಿ ಆಡಿಕೊಂಡು, ಸಿಕ್ಕವರ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದವನೇ. ೧೯೭೮ರಲ್ಲಿ ಬೊಂಬಾಯಿಯ ಏಜೆಂಟನೊಬ್ಬ ‘ಸ್ಟೇಡಿಯಂ ಮ್ಯಾನೇಜರ್ ಕೆಲಸ’ ಅಂತ ಹೇಳಿ ಕುವೈತಿನ ವಿಮಾನ ಹತ್ತಿಸಿದ. ಇಳಿದಾಗ ಕೈಗೆ ಬಂದದ್ದು ನೀರಿನ ಪೈಪು ಮತ್ತು ಸಲಿಕೆ. ಅರ್ದಿಯಾದಲ್ಲಿ ಅಬು ಮಿಶಾರಿ ಎಂಬ ಟೈಲ್ಸ್ ವ್ಯಾಪಾರಿಗೆ ಮೂರು ಗೋದಾಮು, ಅವುಗಳ ಹಿಂದೆ ಒಂದು ಮೈದಾನ. ಕೆಲಸಗಾರರ ವಾಲಿಬಾಲ್ ತಂಡವೆಂದರೆ ಅವನಿಗೆ ಜೀವ. ಶುಕ್ರವಾರ ಸಂಜೆ ಆಟ, ಉಳಿದ ಆರು ದಿನ ಧೂಳು ಏಳದಂತೆ ಆ ನೆಲಕ್ಕೆ ಉಪ್ಪುನೀರು ಚಿಮುಕಿಸಿ ರೋಲರ್ ಎಳೆಯುವುದು ತಿಮ್ಮರಾಯಪ್ಪನ ಪಾಲು.

ಅವನು ಒಂದು ವಿಷಯ ಹನ್ನೆರಡು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವನಿಗೆ ಅರಬ್ಬಿ ಮಾತು ಅರ್ಥವಾಗುತ್ತಿತ್ತು. ಬಂದ ಎರಡನೇ ವರ್ಷಕ್ಕೇ ಅರ್ಧ, ಐದನೇ ವರ್ಷಕ್ಕೆ ಪೂರ್ತಿ. ಆದರೆ ಬಾಯಿ ಬಿಡುತ್ತಿರಲಿಲ್ಲ. ಏನು ಕೇಳಿದರೂ ಕಣ್ಣು ಪಿಳಿಪಿಳಿ ಬಿಟ್ಟು ‘ಯಲ್ಲಾ’ ಅಂದರೆ ಆಗಲಿ, ‘ಖಲಾಸ್’ ಅಂದರೆ ಮುಗೀತು, ಈ ಎರಡರಲ್ಲೇ ದಿನ ತಳ್ಳುತ್ತಿದ್ದ. ಕೆಲಸದಾಳುಗಳ ನಡುವೆ ಇದು ಹೊಸದೇನಲ್ಲ. ಮಾತು ಗೊತ್ತಿದೆ ಅಂದರೆ ಹೆಚ್ಚಿನ ಕೆಲಸ ಬೀಳುತ್ತದೆ, ಬೈಗುಳಕ್ಕೆ ಉತ್ತರ ಕೊಡಬೇಕಾಗುತ್ತದೆ. ತಿಮ್ಮರಾಯಪ್ಪನಿಗೆ ಇನ್ನೂ ಒಂದು ಲಾಭವಿತ್ತು. ಅಬು ಮಿಶಾರಿ ಮೈದಾನದ ಅಂಚಿಗೆ ಜಮಖಾನ ಹಾಸಿ ಗೆಳೆಯರ ಜೊತೆ ಚಹಾ ಕುಡಿಯುತ್ತಾ, ಈ ಪೆದ್ದನ ಎದುರಿಗೇ ಮನಸ್ಸು ಬಿಚ್ಚುತ್ತಿದ್ದ.

ಇಬ್ಬರ ನಡುವಿನ ಮಾತು ದಾಟಿಸುತ್ತಿದ್ದವನು ಆಫೀಸಿನ ಗುಮಾಸ್ತ, ಕಾರ್ಕಳ ಕಡೆಯ ಕೊಂಕಣಿ ಕ್ರಿಶ್ಚಿಯನ್ ಜೋಕಿಮ್. ಅಬು ಮಿಶಾರಿ, “ಆ ಕತ್ತೆಗೆ ಹೇಳು, ಗೆರೆ ಚೆನ್ನಾಗಿದೆ” ಅಂದರೆ ಜೋಕಿಮ್, “ಸಾಹೇಬರಿಗೆ ಖುಷಿಯಾಗಿದೆ, ತಿಮ್ಮಣ್ಣ” ಎನ್ನುವನು. ತಿಮ್ಮರಾಯಪ್ಪ ತಲೆಯಾಡಿಸುವನು. ಕತ್ತೆಯನ್ನು ಯಾಕೆ ನುಂಗಿದ ಇವನು? ನುಂಗುವವನು ಇನ್ನೇನೇನು ನುಂಗಿದ್ದಾನೋ?

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಅಬು ಮಿಶಾರಿ ಸಂಸಾರ ಸಮೇತ ಸೌದಿಗೆ ಓಡಿದ. ಸೆಪ್ಟೆಂಬರಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗುವ ಬಸ್ಸಿಗೆ ಜೋಕಿಮ್ ಇಬ್ಬರ ಹೆಸರನ್ನೂ ಬರೆಸಿ ಬಂದ.

“ಎಂತ ಮಾರಾಯ, ಇನ್ನೂ ಗಂಟು ಕಟ್ಟಲಿಲ್ವಾ? ಹೆಸರು ಕೊಟ್ಟಾಗಿದೆ, ಸೀಟು ಉಂಟು.”

“ಬಸ್ಸು ಯಾರ್ದಣ್ಣ?”

“ಯಾರದ್ದಾದರೆ ನಿನಗೆಂತ?”

“ಇರಾಕಿನೋರ್ದೇ ರಸ್ತೆ, ಇರಾಕಿನೋರ್ದೇ ಬಸ್ಸು. ನಡುದಾರೀಲಿ ಇಳ್ಸಿ ಕೈಗೆ ಗುದ್ಲಿ ಕೊಟ್ಟು ಗುಂಡಿ ತೋಡ್ರೋ ಅಂದ್ರೆ? ನಾನ್ ಬರಕಿಲ್ಲ.”

“ನಿನ್ನ ತಲೆ! ಸಾಯಿ ಇಲ್ಲೇ!” ಎಂದು ಬೈದು ಜೋಕಿಮ್ ಬಸ್ಸು ಹತ್ತಿದ. ಹದಿನೈದು ದಿನದಲ್ಲಿ ಊರು ಸೇರಿದ. ತಿಮ್ಮರಾಯಪ್ಪ ತನ್ನ ಅನುಮಾನದ ಕೂಲಿಯಾಗಿ, ಇರಾಕಿನವರಿದ್ದ ಏಳು ತಿಂಗಳೂ ಆ ಗೋದಾಮಿನ ಪಕ್ಕದ ಕೋಣೆಯಲ್ಲಿ ಉಳಿದ.

ಗೋದಾಮಿನಲ್ಲಿ ಇರಾಕಿ ಸೈನಿಕರ ಒಂದು ತುಕಡಿ ಬಂದು ಕೂತಿತು. ಅದರ ಹವಾಲ್ದಾರನೊಬ್ಬ ಬಸ್ರಾದವನು, ಹಿಂದೆ ವಾಲಿಬಾಲ್ ಆಡಿದವನು. ಗೆರೆ ಎಳೆ ಅಂದ. ಇವನು ಎಳೆದ. ವಾರವಾರವೂ ಎಳೆದ. ಅವರು ರೊಟ್ಟಿ, ಬೇಳೆ ಕೊಟ್ಟರು, ತಿಂದ. ಚಹಾ ಕೊಟ್ಟರು, ಕುಡಿದ. ಸುತ್ತ ಒಬ್ಬನೇ ಒಬ್ಬ ಕನ್ನಡದವನಿಲ್ಲ, ಹಿಂದಿ ಬಲ್ಲವನೂ ಇಲ್ಲ. ಹನ್ನೆರಡು ವರ್ಷ ಹೊಲಿದುಕೊಂಡಿದ್ದ ಬಾಯಿ ಅಲ್ಲಿ ಮೊದಲ ಸಲ ಬಿಚ್ಚಿತು. ನೀರು ಬೇಕು, ಉಪ್ಪು ಬೇಕು, ಚೆಂಡು ಹೊರಗೆ ಬಿತ್ತು, ಒಳಗೆ ಬಿತ್ತು. ಅವರ ಧಾಟಿಯಲ್ಲೇ ಮಾತು ಕೂತುಬಿಟ್ಟಿತು. ಫೆಬ್ರುವರಿಯಲ್ಲಿ ಅವರು ಓಡುವಾಗ ಟೈಲ್ಸು, ನಲ್ಲಿ, ನೆಟ್ಟು, ಚೆಂಡು ಎಲ್ಲವನ್ನೂ ಲಾರಿಗೆ ತುಂಬಿಕೊಂಡರು. ಹವಾಲ್ದಾರ ನೆಟ್ಟಿನ ಕಂಬವನ್ನೂ ಕಿತ್ತುಕೊಂಡು ಹೋದ.

ಜುಲೈ ಬಂತು. ಎಣ್ಣೆಬಾವಿಗಳ ಹೊಗೆಗೆ ಹಗಲಲ್ಲೇ ಕಾರಿನ ದೀಪ ಹಾಕಬೇಕಾದ ದಿನಗಳು. ಅಬು ಮಿಶಾರಿ ಮರಳಿದ್ದ, ಜೋಕಿಮನನ್ನು ಊರಿಂದ ಕರೆಸಿಕೊಂಡಿದ್ದ. ಹಿಂದೆ ಉಳಿದಿದ್ದವರನ್ನೆಲ್ಲ ಜನ ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದರು. ನೀನು ಹೇಗೆ ಬದುಕಿದೆ? ಯಾರ ಅನ್ನ ತಿಂದೆ? ತಿಮ್ಮರಾಯಪ್ಪನ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದಿತ್ತು. ಕಫೀಲ್, ಅಂದರೆ ಜಾಮೀನು ನಿಂತ ಧಣಿ ಅಬು ಮಿಶಾರಿ, ಸಹಿ ಹಾಕಿದರೆ ಕುವೈತಿನಲ್ಲಿ ಇರಬಹುದು. ಹಾಕದೆ, ಇವನು ಶತ್ರುಗಳ ಕಡೆಯವನು ಅಂತ ಒಂದು ಮಾತು ಬರೆದರೆ ಪೊಲೀಸ್ ಠಾಣೆ. ಅಲ್ಲಿಂದ ಮುಂದಿನದು ಯಾರಿಗೂ ಗೊತ್ತಿಲ್ಲ. ಪಕ್ಕದ ಗೋದಾಮಿನ ಕಾವಲುಗಾರನೊಬ್ಬ ಆಗಲೇ ಬಾಯಿಬಿಟ್ಟಿದ್ದ: ನಿಮ್ಮ ಇಂಡಿಯಾದವನು ಅವರಿಗೆ ಗೆರೆ ಎಳೆದುಕೊಟ್ಟ, ಅವರ ಜೊತೆ ಕೂತು ಚಹಾ ಕುಡಿದ.

ಬರಿಗೋಡೆಯ ಆಫೀಸಿನಲ್ಲಿ ಅಬು ಮಿಶಾರಿ ಕೂತಿದ್ದ. ಮೇಜಿನ ಮೇಲೆ ಇಕಾಮಾದ ಕಾಗದ. ಪಕ್ಕದಲ್ಲಿ ಜೋಕಿಮ್.

“ಕೇಳು ಅವನನ್ನ, ಗೆರೆ ಎಳೆದನೋ ಇಲ್ಲವೋ?” ಎಂದ ಅಬು ಮಿಶಾರಿ.

ಜೋಕಿಮ್ ತಿರುಗಿದ. “ತಿಮ್ಮಣ್ಣ, ಸೈನ್ಯದವರಿಗೆ ಗೆರೆ ಎಳೆದು ಕೊಟ್ಟದ್ದು ಹೌದಾ? ನೋಡಿ ಮಾತಾಡು, ಆಯ್ತಾ.”

“ಔದು, ಎಳ್ದೆ. ಎಳಿ ಅಂದ್ರು, ಎಳ್ದೆ. ಅಂಗಂತಲೇ ಯೋಳು.”

ಜೋಕಿಮ್ ಅಬು ಮಿಶಾರಿಗೆ ಅರಬ್ಬಿಯಲ್ಲಿ ಹೇಳಿದ: “ಎದೆಗೆ ಬಂದೂಕು ಹಿಡಿದು ಎಳೆಸಿದರಂತೆ, ಸಾಹೇಬರೆ. ಅಳುತ್ತಾ ಎಳೆದನಂತೆ.”

ತಿಮ್ಮರಾಯಪ್ಪ ಜೋಕಿಮನ ಮುಖ ನೋಡಿದ. ಬಂದೂಕು ಎಲ್ಲಿಂದ ಬಂತು? ಆ ಕಾವಲುಗಾರ ಎಲ್ಲ ನೋಡಿದ್ದಾನೆ. ನಾಳೆ ಅವನನ್ನು ಕರೆಸಿ ಕೇಳಿದರೆ ಬಂದೂಕು ಸುಳ್ಳಾಗುತ್ತದೆ, ನಾನು ಕಳ್ಳನಾಗುತ್ತೇನೆ. ಇವನು ನನ್ನ ಉಳಿಸುತ್ತಿದ್ದಾನೋ, ಸುಳ್ಳುಗಾರನನ್ನಾಗಿ ಮಾಡಿ ಸಿಕ್ಕಿಸುತ್ತಿದ್ದಾನೋ? ಬಸ್ಸು ಹತ್ತಲಿಲ್ಲವೆಂಬ ಹಳೆಯ ಸಿಟ್ಟು ಇರಬಹುದು. ಅಬು ಮಿಶಾರಿ ಪೆನ್ನು ಎತ್ತಿಕೊಂಡಿದ್ದ. ಇನ್ನೆರಡು ಕ್ಷಣ ಸುಮ್ಮನಿದ್ದರೆ ಸಹಿ ಬೀಳುತ್ತಿತ್ತು. ಆದರೆ ಸುಮ್ಮನಿರುವ ಕಲೆ ಆ ಏಳು ತಿಂಗಳಲ್ಲಿ ಕೆಟ್ಟುಹೋಗಿತ್ತು.

“ಮಾಕು ಬಂದೂಕು,” ಎಂದುಬಿಟ್ಟ, ಬಂದೂಕು ಇರಲಿಲ್ಲ ಅಂತ. ಆಮೇಲೆ ಪೂರ್ತಿ ಅರಬ್ಬಿಯಲ್ಲೇ ಮುಂದುವರಿಸಿದ: “ಎಳೆ ಅಂದರು, ಎಳೆದೆ. ರೊಟ್ಟಿ ಕೊಟ್ಟರು, ತಿಂದೆ. ಅತ್ತಿಲ್ಲ.”

ಪೆನ್ನು ಗಾಳಿಯಲ್ಲೇ ನಿಂತಿತು. ಜೋಕಿಮನ ಬಾಯಿ ತೆರೆದಿತ್ತು. ತಿಮ್ಮರಾಯಪ್ಪನ ಬಾಯಿಂದ ಹೊರಟದ್ದು ಬರೀ ಅರಬ್ಬಿಯಲ್ಲ, ಅಪ್ಪಟ ಬಸ್ರಾ ಧಾಟಿ.

“ಇವನು ಇರಾಕಿಗಳ ಹಾಗೆ ಮಾತಾಡುತ್ತಾನೆ!” ಎಂದು ಅಬು ಮಿಶಾರಿ ಎದ್ದು ನಿಂತ. “ಯಾರು ಕಲಿಸಿದರು? ಅವರೇನಾ? ಏಳು ತಿಂಗಳಲ್ಲಿ ಇಷ್ಟು ಕಲಿಯಬೇಕಾದರೆ ಅವರ ಮಡಿಲಲ್ಲೇ ಕೂತಿದ್ದೆಯಾ?”

ಹೌದೆಂದರೆ ಠಾಣೆ. ಇಲ್ಲ, ಮೊದಲೇ ಬರುತ್ತಿತ್ತು ಎಂದರೆ ಹನ್ನೆರಡು ವರ್ಷ ಇವನ ಜಮಖಾನದ ಪಕ್ಕ ಕಳ್ಳಗಿವಿ ಇಟ್ಟುಕೊಂಡಿದ್ದು ಬಯಲಾಗುತ್ತದೆ. ತಿಮ್ಮರಾಯಪ್ಪ ಕಬಡ್ಡಿಯಲ್ಲಿ ಮೂವರ ನಡುವೆ ಸಿಕ್ಕಿದವನ ಹಾಗೆ ಉಸಿರು ಬಿಗಿಹಿಡಿದ. ಠಾಣೆಗಿಂತ ಬೈಗುಳ ವಾಸಿ.

“ಮಾತು ಮೊದಲಿಂದ ಗೊತ್ತಿತ್ತು. ಧಾಟಿ ಮಾತ್ರ ಅವರದು.”

“ಸುಳ್ಳು!”

“ಐದು ವರ್ಷದ ಹಿಂದೆ, ಫೈನಲ್ ಗೆದ್ದ ಸಂಜೆ, ಜಮಖಾನದ ಮೇಲೆ ನೀವು ಗೆಳೆಯರಿಗೆ ಹೇಳಿದಿರಿ. ಭಾವಮೈದನ ಹೊಸ ಮನೆಗೆ ಒಡಕು ಟೈಲ್ಸ್ ತಳ್ಳಿದೆ, ಆ ಹೋತಕ್ಕೆ ಗೊತ್ತೇ ಆಗಲಿಲ್ಲ ಅಂತ. ನಾನು ಪೈಪು ಸುತ್ತುತ್ತಿದ್ದೆ.”

ಅಬು ಮಿಶಾರಿ ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಜೋಕಿಮನ ಕಡೆ. ಜೋಕಿಮ್ ಸೀಲಿಂಗ್ ನೋಡುತ್ತಿದ್ದ.

“ಇನ್ನೇನೇನು ಕೇಳಿದ್ದೀಯ?”

“ಎಲ್ಲ.”

ನಿಂತಿದ್ದ ಅಬು ಮಿಶಾರಿ ಕೂತ. ಮೇಜಿನ ಮೇಲಿದ್ದ ಕಾಗದ ಹರಿದ. ಡ್ರಾಯರಿನಿಂದ ಬೇರೊಂದು ತೆಗೆದು, ತಾನೇ ಬರೆದು, ಸಹಿ ಹಾಕಿ, ಮೊಹರು ಒತ್ತಿದ.

“ಇವನು ಅವರ ಮನುಷ್ಯನಲ್ಲ, ಒಪ್ಪಿದೆ,” ಎಂದ, ತಿಮ್ಮರಾಯಪ್ಪನ ಮುಖ ನೋಡದೆ. “ಆದರೆ ಹನ್ನೆರಡು ವರ್ಷ ಪೆದ್ದನ ವೇಷ ಹಾಕಿದವನು ನನ್ನ ಮೈದಾನಕ್ಕೆ ಬೇಡ. ಹೋಗು.”

ಹೊರಗೆ ಬಂದು ಜೋಕಿಮ್ ಕಾಗದ ಓದಿದ. “ರಿಲೀಸ್ ಕೊಟ್ಟಿದ್ದಾರೆ ಮಾರಾಯ! ಒಂದು ತಿಂಗಳು ಟೈಮ್ ಉಂಟು. ಬೇರೆ ಕಫೀಲ್ ಹುಡುಕಿಕೊಂಡರೆ ಆಯ್ತು. ಶುಐಬಾದಲ್ಲಿ ಒಂದು ಕಂಪನಿ ಕ್ಲೀನಿಂಗಿಗೆ ಜನ ಹುಡುಕ್ತಾ ಉಂಟು, ನಾನು ಮಾತಾಡ್ತೇನೆ. ಅಲ್ಲ, ನನ್ನ ಬಾಯಲ್ಲೇ ನಿನಗೆ ಸಹಿ ಬೀಳುತ್ತಿತ್ತಲ್ಲ, ಯಾಕೆ ಮಧ್ಯ ಹಾರಿದ್ದು ನೀನು?”

“ನೀನ್ಯಾಕ್ ಸುಳ್ ಯೋಳ್ದೆ?”

“ನಿನಗಾಗಿ ಹೇಳಿದ್ದು, ಶನಿಯೇ!”

“ನನ್ಗಾಗಿ ಯಾಕೆ?”

ಜೋಕಿಮ್ ಕಾಗದವನ್ನು ಅವನ ಎದೆಗೆ ತುರುಕಿ, ಉಗಿದು, ಆಫೀಸಿನೊಳಗೆ ಹೋದ.

ತಿಮ್ಮರಾಯಪ್ಪನಿಗೆ ಅರಬ್ಬಿ ಕೇಳಲು ಬರುತ್ತಿತ್ತು, ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆ ಸೊಟ್ಟಪಟ್ಟ ಗೆರೆಗಳಲ್ಲಿ ರಿಲೀಸ್ ಎಂದಿದೆಯೋ, ಇವನನ್ನು ಹಿಡಿದುಕೊಳ್ಳಿ ಎಂದಿದೆಯೋ? ಕುವೈತ್ ಪೇಟೆಯ ಮಿರ್ಕಾಬಿಗೆ ಬಸ್ಸು ಹಿಡಿದ. ಅಲ್ಲಿ ಕಟ್ಟಡಗಳ ನೆರಳಿನಲ್ಲಿ ಅರ್ಜಿ ಟೈಪು ಮಾಡುವವರು ಮೇಜು ಹಾಕಿಕೊಂಡು ಕೂತಿದ್ದರು. ಹೈದರಾಬಾದಿನ ಮುದುಕನೊಬ್ಬ ಕಾಗದವನ್ನು ಕಣ್ಣ ಹತ್ತಿರ ಹಿಡಿದು ಹಿಂದಿಯಲ್ಲಿ ಹೇಳಿದ: “ರಿಲೀಸ್ ಭಾಯಿ. ಒಂದು ತಿಂಗಳು. ಇವನ ಮೇಲೆ ಯಾವ ದೂರೂ ಇಲ್ಲ.”

“ಬೇರೇನೂ ಬರೆದಿಲ್ಲವಾ?”

“ಇಲ್ಲ.”

“ಕೆಳಗೆ, ಮೊಹರಿನ ಪಕ್ಕ?”

“ತಾರೀಕು.”

ತಿಮ್ಮರಾಯಪ್ಪ ಕಾಗದ ಮಡಿಸಿ ಜೇಬಿಗಿಟ್ಟ. ಮುದುಕ ಬಹಳ ಬೇಗ ಓದಿದ ಅನ್ನಿಸಿತು. ಅಷ್ಟು ದೊಡ್ಡ ಬರಹ, ಇಷ್ಟು ಸಣ್ಣ ಮಾತು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಇನ್ನೊಬ್ಬ ಟೈಪಿಸ್ಟನ ಮೇಜಿನ ಮೇಲೆ ಕಾಗದ ಬಿಚ್ಚಿ ಹರವಿದ.