ಮಾವನ ಆಂಪಿನ ಝರ್ರ್ ಸದ್ದು

ಮಾವನ ಹೆಬ್ಬೆರಳಿನ ಉಗುರು ಉದ್ದವಾಗಿ ಬೆಳೆದು, ಒಣ ಬಾಳೆಪಟ್ಟೆಯ ಬಣ್ಣಕ್ಕೆ ತಿರುಗಿತ್ತು. ನನ್ನ ನೆನಪಿನಲ್ಲಿ ಅದು ಎಡಗೈ. ಆದರೆ ಗಿಟಾರ್ ನುಡಿಸುವವರು ಬೆಳೆಸುವುದು ಬಲಗೈಯ ಉಗುರನ್ನಂತೆ. ಮೊದಲಿಗೇ ಹೀಗಾದರೆ ಮುಂದೆ ಬರೆಯುವುದರಲ್ಲಿ ಇನ್ನೇನೇನು ತಪ್ಪಿದೆಯೋ.

ಅವನು ಅಮ್ಮನ ತಮ್ಮ. ಕೆಂಪಾಪುರದಲ್ಲಿ ಅಜ್ಜಿಯ ಜೊತೆಗಿದ್ದ. ಹಗಲು ಆಫೀಸು, ಸಂಜೆ ಆರ್ಕೆಸ್ಟ್ರಾ. ನಡುಮನೆಯಲ್ಲಿ ಅವನ ಹಳೆಯ ವಾಲ್ವ್ ಆಂಪ್ಲಿಫೈಯರ್ ಇತ್ತು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಹಿಂಬದಿ ತೆರೆದಿದ್ದ ಅದರ ತಳದಲ್ಲೊಂದು ಮುಚ್ಚಳವಿಲ್ಲದ ತಗಡಿನ ಡಬ್ಬ, ಡಬ್ಬದೊಳಗೆ ಸಣ್ಣ ಸ್ಪ್ರಿಂಗುಗಳು. ಗಿಟಾರಿನ ನಾದ ಅವುಗಳಲ್ಲಿ ಓಡಾಡಿ, ಖಾಲಿ ಕಲ್ಯಾಣಮಂಟಪದಲ್ಲಿ ನುಡಿಸಿದಂತೆ ಮೊಳಗುತ್ತಿತ್ತು. ಅದನ್ನು ರಿವರ್ಬ್ ಅನ್ನುತ್ತಾರೆ.

ಆಯುಧಪೂಜೆಯ ದಿನ ಅಜ್ಜಿ ಸ್ಕೂಟರಿಗೆ, ಮಿಕ್ಸಿಗೆ ಹೂವಿಟ್ಟು, ಕೊನೆಗೆ ಆಂಪಿನ ಮೇಲೂ ಚೆಂಡುಹೂವು ಇಡುತ್ತಿದ್ದಳು.

"ಅನ್ನ ಹಾಕೋದು ಆಫೀಸು ಕಣಮ್ಮ, ಇದಲ್ಲ."

"ಆಫೀಸಿಂದ ಬಂದಾಗ ನಿನ್ನ ಮುಖ ನೋಡಿದೀನಿ, ಸುಮ್ನಿರು."

ಅಂಥದೊಂದು ಪೂಜೆಯಾದ ವಾರದಲ್ಲೇ ಅಜ್ಜಿ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಾವ ಮೊದಲ ಸಲ ಆಂಪ್ ಹಾಕಿ ತಂತಿ ಮೀಟಿದ. ಝರ್ರ್ ಅಂದಿತು. ರಾಜ್ಯೋತ್ಸವದ ಕಾರ್ಯಕ್ರಮ ಹತ್ತಿರದಲ್ಲೇ ಇತ್ತು.

"ಒಂದೊಂದೇ ಆಫ್ ಮಾಡ್ತಾ ಹೋಗು ಪುಟ್ಟಿ, ಯಾವುದಕ್ಕೆ ಬಾಯಿ ಮುಚ್ಚುತ್ತೆ ನೋಡೋಣ." ಮನೆಯ ಜಗಳಗಳಿಗೂ ಅವನು ಇದೇ ಮದ್ದು ಹೇಳುತ್ತಿದ್ದ. ಫ್ಯಾನ್ ಆರಿಸಿದೆ, ಯುಪಿಎಸ್ ಆರಿಸಿದೆ. ಅವನು ವೈರ್ ಬದಲಿಸಿ, ವಾಲ್ವ್ ಬದಲಿಸಿ ನುಡಿಸಿದ. ಝರ್ರ್. ರಿವರ್ಬ್ ನಾಬನ್ನು ಸೊನ್ನೆಗೆ ತಿರುಗಿಸಿದಾಗ ಮಾತ್ರ ಸುಮ್ಮನಾಯಿತು. ಪ್ಲಗ್ ಕಿತ್ತು ತಗಡಿನ ಡಬ್ಬ ಹೊರಗೆಳೆದ. ಸ್ಪ್ರಿಂಗುಗಳ ನಡುವೆ ಒಣಗಿದ ಒಂದು ಚೆಂಡುಹೂವು ಬಿದ್ದಿತ್ತು.

"ಅಕ್ಕಾ, ಇಲ್ನೋಡು. ಅಮ್ಮಂದು."

ಆ ತಿಂಗಳು ಅಮ್ಮ ಅಲ್ಲೇ ಇದ್ದಳು. ಹೂವನ್ನು ಸೆರಗಿನಲ್ಲಿ ಇಸಿದುಕೊಂಡು ಒಳಗೆ ಹೋದಳು. ದೇವರ ಮುಂದೆ ಇಟ್ಟಳೆಂದು ನನ್ನ ನೆನಪು. ಇಟ್ಟದ್ದನ್ನು ಕಂಡೆನೇ, ಗೊತ್ತಿಲ್ಲ. ಮಾವ ಮತ್ತೆ ನುಡಿಸಿದಾಗ ನಾದ ಶುದ್ಧವಾಗಿತ್ತು. ಅದು ಖಂಡಿತ.

ಆದರೆ ಕಾರ್ಯಕ್ರಮದ ದಿನ, ಎರಡನೆಯ ಹಾಡಿಗೇ, ಮೈದಾನದ ತುಂಬ ಝರ್ರ್.

"ಏನ್ ಗುರು, ಡಬ್ಬದಲ್ಲಿ ಜಿರಳೆ ಸಾಕಿದೀಯಾ? ರಿವರ್ಬ್ ಇಳಿಸು!" ಆರ್ಕೆಸ್ಟ್ರಾ ಯಜಮಾನ ವೇದಿಕೆಯ ಮೇಲೇ ಗದರಿದ. ಮಾವ ನಕ್ಕ, ನಾಬ್ ಮುಟ್ಟಲಿಲ್ಲ. ಆಮೇಲೆ ಆರ್ಕೆಸ್ಟ್ರಾದವರು ಅವನನ್ನು ಕರೆಯಲಿಲ್ಲ. ಬೇರೆ ಯಾರೂ ಕರೆದಂತಿಲ್ಲ. ನಾಬ್ ಒಮ್ಮೆ ತಿರುಗಿಸಿದ್ದರೆ ಮುಗಿಯುತ್ತಿತ್ತು, ಯಾಕೆ ಬಿಟ್ಟೆ ಎಂದು ಕೇಳಿದ್ದೆ.

"ಯಾವ ಸದ್ದು? ನಂಗೇನೂ ಕೇಳಿಸ್ಲಿಲ್ವಲ್ಲೇ."

ಅವನ ಕಿವಿ ಮಂದವಾಗಿತ್ತೇ? ಹಾಗಿದ್ದರೆ ಮನೆಯಲ್ಲಿ ಹೇಗೆ ಕೇಳಿಸಿತ್ತು?

ಈ ವರ್ಷ ಮಾವ ಹೋದ. ಆಂಪ್ ಯಲಹಂಕದ ನಮ್ಮ ಮನೆಗೆ ಬಂತು. ಮೊನ್ನೆ ಡಬ್ಬ ಹೊರಗೆಳೆದು ನೋಡಿದೆ. ಚೆಂಡುಹೂವು ಮತ್ತೆ ಒಳಗಿದೆ, ಹೆಚ್ಚುಕಡಿಮೆ ಪುಡಿಯಾಗಿ. ಅದು ಬಿದ್ದದ್ದಲ್ಲ. ಬಿಳಿ ದಾರದಲ್ಲಿ ಸ್ಪ್ರಿಂಗಿಗೆ ಕಟ್ಟಿದ್ದಾರೆ, ಮಾಲೆ ಕಟ್ಟುವಾಗ ಹಾಕುವ ಗಂಟು ಹಾಕಿ.

ಅಮ್ಮ ವರಾಂಡದಲ್ಲಿ ಮಲ್ಲಿಗೆ ಕಟ್ಟುತ್ತ ಕುಳಿತಿದ್ದಳು. ನಾನು ಕೇಳಿದ್ದಕ್ಕೆ ಅವಳ ಬೆರಳು ನಿಂತವು. ಆಮೇಲೆ ಮತ್ತೆ ಕಟ್ಟತೊಡಗಿದಳು. ನಾನು ಕೇಳಿದ್ದು ಇಷ್ಟೇ:

"ಅಮ್ಮ, ಮಾವಂಗೆ ಹೂ ಕಟ್ಟೋಕೆ ಬರ್ತಿತ್ತಾ?"